ಬಾಯಿ ಬಿಡದ ಡಿವಿಡಿ ಡ್ರೈವ್, ಒಳಗೆ ಸಿಕ್ಕಿಕೊಂಡ ದುರ್ಯೋಧನ

ಬಟನ್ ಒತ್ತಿದರೆ ಹಸಿರು ದೀಪ ಮಿಣುಕುತ್ತದೆ. ಒಳಗೆ ಒಂದು ಕ್ಷಣ ಗುಂಯ್ ಅನ್ನುತ್ತದೆ, ಆಮೇಲೆ ಟಕ್ ಅಂತ ಒಂದು ಸದ್ದು. ಟ್ರೇ ಮಾತ್ರ ಜಪ್ಪಯ್ಯ ಅಂದರೂ ಹೊರಗೆ ಬರುವುದಿಲ್ಲ. ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಸೋದರಮಾವನ ಮನೆಯ ಕಂಪ್ಯೂಟರ್ ಇದು. ಡ್ರೈವ್ ಒಳಗೆ ಒಂದು ಡಿಸ್ಕ್ ಸಿಕ್ಕಿಕೊಂಡಿದೆ. ಆ ಡಿಸ್ಕ್ ಬೇಕೇ ಬೇಕು.

ಡಿಸ್ಕ್ ಯಾಕೆ ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಮಾವನ ಊರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಕಡೆ ಊರಹಬ್ಬ ಅಂದರೆ ಪೌರಾಣಿಕ ನಾಟಕ ಇರಲೇಬೇಕು. ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, ಕೊನೆಗೆ ರಾತ್ರಿಯೆಲ್ಲಾ ಆಡುತ್ತಾರೆ. ಹಿಂದೊಮ್ಮೆ ಮಾವ ದುರ್ಯೋಧನನ ಪಾರ್ಟು ಮಾಡಿದ್ದರು. ಸ್ಟುಡಿಯೋದವರು ಬೆಳಗಿನ ಜಾವದವರೆಗೂ ವಿಡಿಯೋ ಮಾಡಿ 3 ಡಿವಿಡಿ ಕೊಟ್ಟಿದ್ದರು. ಮೂರನೆಯದರಲ್ಲಿ ಗದಾಯುದ್ಧ. ಈಗ ಊರಲ್ಲಿ ಮತ್ತೆ ಅದೇ ನಾಟಕಕ್ಕೆ ತಯಾರಿ ನಡೀತಿದೆ. ಹೊಸ ದುರ್ಯೋಧನ ಆಗಿರೋ ಹುಡುಗ ಬಂದು, "ದೊಡ್ಡಪ್ಪ, ಕೊನೇ ಸೀನಲ್ಲಿ ನೀವು ಹೇಳಿದ ಕಂದಪದ್ಯದ ಧಾಟಿ ಒಂದ್ಸಲ ಕೇಳಿಸಿ" ಅಂತ ಕೇಳಿದ್ದಾನೆ. ಮಾವ ಕಂಪ್ಯೂಟರ್ ಆನ್ ಮಾಡಿದ್ದಾರೆ. ಡಿಸ್ಕ್ ಓದುತ್ತಿಲ್ಲ, ಟ್ರೇನೂ ಬರುತ್ತಿಲ್ಲ. ಹೋದ ಸಲ ನೋಡಿ ಬಿಟ್ಟಿದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ. ವರ್ಷಗಳೇ ಆಗಿರಬೇಕು.

ಮಾವನ ಮಗನದು ಒಂದೇ ಮಾತು. "ಭಾವ, ಸುಮ್ನೆ ಯಾಕೆ ತಲೆಕೆಡಿಸ್ಕೊಳ್ತೀರಾ? ಯುಎಸ್‌ಬಿ ಡ್ರೈವ್ ತರಿಸೋಣ, ಇದನ್ನ ಗುಜರಿಗೆ ಹಾಕಿ." ತರಿಸಬಹುದು, ತೊಂದರೆ ಇಲ್ಲ. ಆದರೆ ಡಿಸ್ಕ್ ಇರುವುದು ಹಳೆಯದರ ಹೊಟ್ಟೆಯಲ್ಲಿ ಅಲ್ವಾ? ಹೊಸದು ಬಂದರೂ ಹಳೆಯದನ್ನು ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಇನ್ನೊಂದು ಅರ್ಧ ಗಂಟೆ ಕೂತರೆ ಅದೇ ಸರಿಹೋಗುತ್ತದೆ. ಟ್ರೇ ಬರದ ಡ್ರೈವ್‌ಗಳಲ್ಲಿ ನಿಜವಾಗಿ ಸತ್ತುಹೋದವು ಕಡಿಮೆ. ಹೆಚ್ಚಿನವು ಒಂದು ರಬ್ಬರ್ ಬೆಲ್ಟ್ ಸಡಿಲಾಗಿ ಕೂತಿರುತ್ತವೆ, ಅಷ್ಟೇ.

ಮೆಷಿನ್ ವಿವರ ಹೀಗಿದೆ. ಇಂಟೆಲ್ ಜಿ31 ಚಿಪ್‌ಸೆಟ್‌ನ ಮದರ್‌ಬೋರ್ಡ್, ಪೆಂಟಿಯಂ ಡ್ಯುಯಲ್ ಕೋರ್ ಪ್ರೊಸೆಸರ್, 2 ಜಿಬಿ ಡಿಡಿಆರ್2 ರ್‍ಯಾಮ್, 160 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ ಅಪ್‌ಡೇಟ್ ನಿಂತಿದ್ದೇ 2014ರ ಏಪ್ರಿಲ್‌ನಲ್ಲಿ, ಹಾಗಾಗಿ ಇಂಟರ್ನೆಟ್ ಕೊಟ್ಟಿಲ್ಲ. ಮಾವ ಇದರಲ್ಲಿ ನುಡಿ ಹಾಕಿಕೊಂಡು ಸಂಘದ ಪತ್ರ ಟೈಪ್ ಮಾಡುತ್ತಾರೆ, ಇಸ್ಪೀಟ್ ಆಡುತ್ತಾರೆ. ಡಿವಿಡಿ ರೈಟರ್ ಹಳೇ ಐಡಿಇ ಮಾದರಿಯದು, ಅಗಲವಾದ ಬೂದು ಪಟ್ಟಿ ಕೇಬಲ್ ಬರುತ್ತದಲ್ಲ, ಅದು.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ತಡೆದಿರುವುದು ಸಾಫ್ಟ್‌ವೇರಾ, ಯಂತ್ರವಾ? ಯಾವುದಾದರೂ ಪ್ರೋಗ್ರಾಂ ಡಿಸ್ಕನ್ನು ಹಿಡಿದುಕೊಂಡಿದ್ದರೆ ಅದು ಡ್ರೈವ್‌ಗೆ "ಬಾಗಿಲು ತೆಗೀಬೇಡ" ಅಂತ ಆದೇಶ ಕೊಟ್ಟಿರುತ್ತದೆ. ಆಗ ಬಟನ್ ಎಷ್ಟು ಒತ್ತಿದರೂ ಉಪಯೋಗವಿಲ್ಲ. ಇದನ್ನು ತಿಳಿಯಲು ಸುಲಭ ದಾರಿ ಅಂದರೆ ವಿಂಡೋಸ್ ಶುರುವಾಗುವ ಮುಂಚೆಯೇ ಬಟನ್ ಒತ್ತುವುದು. ಇಲ್ಲಿ ಇನ್ನೊಂದು ಹಳೇ ಕಾಯಿಲೆ ಉಪಕಾರಕ್ಕೆ ಬಂತು. ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯ ಸೆಲ್ ಖಾಲಿಯಾಗಿ ಎಷ್ಟೋ ಕಾಲವಾಗಿದೆ. ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಮರೆತು, ಎಫ್1 ಒತ್ತಿ ಅಂತ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಮಾವನಿಗೆ ಎಫ್1 ಒತ್ತುವುದು ದೀಪದ ಸ್ವಿಚ್ ಒತ್ತಿದಷ್ಟೇ ರೂಢಿ. ಆ ಪರದೆಯಲ್ಲಿ ನಿಂತಾಗ ಯಾವ ಪ್ರೋಗ್ರಾಮೂ ಇಲ್ಲ, ಯಾವ ಬೀಗವೂ ಇಲ್ಲ. ಅಲ್ಲೇ ಬಟನ್ ಒತ್ತಿದೆ. ಅದೇ ಗುಂಯ್, ಅದೇ ಟಕ್. ವಿಂಡೋಸ್ ತಪ್ಪಿಲ್ಲ. ಕೈ ಹಾಕಬೇಕಾದ್ದು ಯಂತ್ರಕ್ಕೇ.

ಆ ಸದ್ದನ್ನು ಸ್ವಲ್ಪ ಗಮನ ಇಟ್ಟು ಕೇಳಿದರೆ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಒಂದು ಸದ್ದೂ ಇಲ್ಲ ಅಂದರೆ ಕರೆಂಟ್ ಬರುತ್ತಿಲ್ಲ, ಇಲ್ಲಾ ಮೋಟಾರ್ ಹೋಗಿದೆ, ಇಲ್ಲಾ ಬೋರ್ಡ್ ಹೋಗಿದೆ. ಕಟಕಟ ಅಂತ ಒಂದೇ ಸಮ ಬಂದರೆ ಯಾವುದೋ ಹಲ್ಲುಚಕ್ರದ ಹಲ್ಲು ಮುರಿದಿದೆ. ಮೋಟಾರ್ ತಿರುಗುವ ಗುಂಯ್ ಇದೆ, ಟ್ರೇ ಮಾತ್ರ ಕದಲುವುದಿಲ್ಲ ಅಂದರೆ ಬೆಲ್ಟ್ ಜಾರುತ್ತಿದೆ. ನಮ್ಮದು ಈ ಮೂರನೇ ಜಾತಿ. ಆದರೂ ಸಮಾಧಾನಕ್ಕೆ ಮಲ್ಟಿಮೀಟರ್ ಹಿಡಿದು ಖಾಲಿ ಬಿದ್ದಿದ್ದ ಒಂದು 4 ಪಿನ್ ಕನೆಕ್ಟರ್ ನೋಡಿದೆ. ಕಪ್ಪು ವೈರಿಗೂ ಹಳದಿಗೂ ನಡುವೆ 11.9 ವೋಲ್ಟ್, ಕಪ್ಪಿಗೂ ಕೆಂಪಿಗೂ 5.1. ಹಳದಿಯದು 12ರ, ಕೆಂಪಿನದು 5ರ ಆಸುಪಾಸಿನಲ್ಲಿ ಶೇ. 5ರಷ್ಟು ಹೆಚ್ಚುಕಮ್ಮಿ ಇದ್ದರೆ ನಡೆಯುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮುದುಕಾದರೂ ಗಟ್ಟಿಯಾಗಿದೆ.

ಮುಂದಿನದು ಪಿನ್ನಿನ ಕೆಲಸ. ಟ್ರೇ ಇರುವ ಎಲ್ಲ ಡ್ರೈವ್‌ಗಳ ಮುಖದ ಮೇಲೂ ಒಂದು ಸಣ್ಣ ತೂತು ಇರುತ್ತದೆ. ಹೆಡ್‌ಫೋನ್ ತೂತು ಅಲ್ಲ, ಅದಕ್ಕಿಂತ ಎಷ್ಟೋ ಸಣ್ಣದು. ಅದರೊಳಗೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತೂರಿಸಿದರೆ ಒಳಗಿನ ಒಂದು ಪ್ಲಾಸ್ಟಿಕ್ ಪಟ್ಟಿ ಪಕ್ಕಕ್ಕೆ ಸರಿಯುತ್ತದೆ. ಆ ಪಟ್ಟಿ ಸರಿದಂತೆ ಲೇಸರ್ ಮತ್ತು ಡಿಸ್ಕ್ ತಿರುಗಿಸುವ ಮೋಟಾರ್ ಇರುವ ಇಡೀ ಚೌಕಟ್ಟು ಕೆಳಗಿಳಿಯುತ್ತದೆ, ಟ್ರೇ ಹಿಡಿತ ಬಿಟ್ಟು ಒಂದು ಬೆರಳಿನಷ್ಟು ಮುಂದೆ ಬರುತ್ತದೆ. ಮೊಬೈಲ್‌ನ ಸಿಮ್ ಪಿನ್ ಇದಕ್ಕೆ ಮೋಟಾಯಿತು, ಒಳಗೆ ಮುಟ್ಟಲೇ ಇಲ್ಲ. ಹೊಲಿಗೆ ಸೂಜಿ ಬೇಡ, ತುದಿ ಚೂಪು, ಎಲ್ಲಿಗೋ ಹೋಗಿ ಚುಚ್ಚುತ್ತದೆ. ಇನ್ನೊಂದು ಮಾತು. ಇದನ್ನು ಮಾಡುವಾಗ ಕಂಪ್ಯೂಟರ್ ಆಫ್ ಆಗಿರಬೇಕು, ಪ್ಲಗ್ಗೂ ಕಿತ್ತಿರಬೇಕು. ತಿರುಗುತ್ತಿರುವ ಡಿಸ್ಕ್‌ನ ಬುಡದಲ್ಲಿ ಪಿನ್ ಆಡಿಸಿದರೆ ಏನಾಗುತ್ತೆ ಅಂತ ವಿವರಿಸಬೇಕಾಗಿಲ್ಲ.

ಪಿನ್ ಒತ್ತಿದೆ. ಟ್ರೇಯ ಮುಖ ಸ್ವಲ್ಪ ತೆರೆದುಕೊಂಡಿತು. ಬೆರಳು ತೂರಿಸಿ ಮೆಲ್ಲಗೆ ಎಳೆದರೆ ಅಲ್ಲಿಗೇ ನಿಂತಿತು. ಪಕ್ಕದಲ್ಲಿ ನಿಂತಿದ್ದ ಮಾವ, "ಎಳಿಯೋ, ಬರುತ್ತೆ. ನಿಧಾನ ಮಾಡ್ತೀಯಲ್ಲ" ಅಂದರು. "ಬೇಡ ಮಾವ, ಒಳಗೆ ಏನೋ ತಗಲ್ತಿದೆ. ಎಳೆದ್ರೆ ಡಿಸ್ಕ್ ಸೀಳಿಹೋಗುತ್ತೆ" ಅಂದೆ. ಬೆಲ್ಟ್ ಮಾತ್ರ ಸಡಿಲವಾಗಿದ್ದರೆ ಪಿನ್ ಹಾಕಿದಾಗ ಟ್ರೇ ಸಲೀಸಾಗಿ ಪೂರ್ತಿ ಬರಬೇಕಿತ್ತು. ಬಂದಿಲ್ಲ. ಅಂದರೆ ಕಾಯಿಲೆ ಒಂದಲ್ಲ, ಎರಡು. ಟಾರ್ಚ್ ಹಿಡಿದು ಆ ಸಂದಿಯಲ್ಲಿ ಇಣುಕಿದಾಗ ಎರಡನೆಯದು ಕಂಡಿತು. ಡಿಸ್ಕ್ ಟ್ರೇಯ ಗುಂಡಿಯಲ್ಲಿ ಕೂತಿಲ್ಲ. ಅದಕ್ಕಿಂತ ಮೇಲೆ ಅಂತರದಲ್ಲಿ ನೇತಾಡುತ್ತಿದೆ. ಅದರ ಅಂಚಿನಿಂದ ಒಂದು ಕಾಗದದ ಚೂರು ಜೋತುಬಿದ್ದಿದೆ.

ಅದು ಸ್ಟಿಕ್ಕರ್. ಆ ಕಾಲದಲ್ಲಿ ಮದುವೆ, ನಾಮಕರಣ, ನಾಟಕ, ಯಾವುದೇ ಡಿವಿಡಿ ಕೊಟ್ಟರೂ ಮೇಲೆ ಬಣ್ಣದ ಕಾಗದದ ಸ್ಟಿಕ್ಕರ್ ಅಂಟಿಸಿ ಕೊಡುತ್ತಿದ್ದರು. ನಮ್ಮ ಡಿಸ್ಕ್ ಮೇಲೆ ಕಿರೀಟ ಹಾಕಿಕೊಂಡು, ಗದೆ ಹೆಗಲ ಮೇಲಿಟ್ಟುಕೊಂಡಿರುವ ಮಾವನ ಫೋಟೋ. ನೋಡಲು ಚೆಂದ. ಡ್ರೈವ್‌ಗೆ ಮಾತ್ರ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಹೇಗೆ ಅಂದರೆ, ಟ್ರೇ ಒಳಗೆ ಹೋದ ಮೇಲೆ ಡಿಸ್ಕ್ ಕೆಳಗಿನ ಚೌಕಟ್ಟು ಮೇಲೇರುತ್ತದೆ. ಮೇಲುಗಡೆ ಒಂದು ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಬಿಲ್ಲೆಗೂ ಕೆಳಗಿನ ಮೋಟಾರ್ ತಲೆಗೂ ನಡುವೆ ಮ್ಯಾಗ್ನೆಟ್ ಎಳೆತ. ಇವೆರಡರ ನಡುವೆ ಡಿಸ್ಕ್ ಗಟ್ಟಿಯಾಗಿ ಸಿಕ್ಕಿಕೊಂಡು ತಿರುಗುತ್ತದೆ. ಸ್ಟಿಕ್ಕರ್ ಡಿಸ್ಕ್‌ನ ನಡುತೂತಿನ ಹತ್ತಿರದವರೆಗೂ ಇದ್ದರೆ ಈ ಬಿಲ್ಲೆ ಕಾಗದದ ಮೇಲೇ ಕೂರುತ್ತದೆ. ಕ್ಯಾಬಿನೆಟ್ ಒಳಗಿನ ಬಿಸಿ, ಏಪ್ರಿಲ್-ಮೇ ತಿಂಗಳ ಸೆಕೆ, ಮ್ಯಾಗ್ನೆಟ್ಟಿನ ಒತ್ತಡ, ಇಷ್ಟೂ ಸೇರಿ ವರ್ಷಗಟ್ಟಲೆ ಅಂಟು ಕರಗಿ ಹೊರಗೆ ಬಂದಿದೆ. ಡಿಸ್ಕ್ ಬಿಲ್ಲೆಗೆ ಅಂಟಿಕೊಂಡಿದೆ. ಈಗ ಚೌಕಟ್ಟು ಕೆಳಗಿಳಿದರೂ ಡಿಸ್ಕ್ ಇಳಿಯುವುದಿಲ್ಲ. ಟ್ರೇ ಮುಂದೆ ಬರಲು ಹೋದರೆ ಅದರ ಅಂಚು ನೇತಾಡುವ ಡಿಸ್ಕ್‌ಗೆ ತಗಲುತ್ತದೆ.

ಹಾಗಾಗಿ ಡ್ರೈವ್ ಹೊರಗೆ ತೆಗೆಯಲೇಬೇಕಾಯಿತು. ಕ್ಯಾಬಿನೆಟ್‌ನ ಎರಡೂ ಪಕ್ಕದ ತಗಡು ಬಿಚ್ಚಬೇಕು, ಯಾಕೆಂದರೆ ಡ್ರೈವ್‌ಗೆ ಎರಡೂ ಕಡೆ ಸ್ಕ್ರೂ ಇರುತ್ತದೆ. ಒಳಗೆ ಧೂಳಿನ ಹಾಸಿಗೆ, ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಚಿಪ್ಪು. ಬಣ್ಣ ಹೊಡೆಯುವ ಒಣ ಬ್ರಷ್ಷಿನಲ್ಲಿ ಗುಡಿಸಿದೆ. ಅತ್ತೆ ಬಂದು ನೋಡಿ, "ಇದನ್ನೆಲ್ಲ ಹೊರಗೆ ವರಾಂಡದಲ್ಲಿ ಮಾಡಬಾರದಾ?" ಅಂದರು. ಅವರು ಹೇಳಿದ್ದು ಸರಿ, ವರಾಂಡಕ್ಕೆ ಹೋದೆವು. ಐಡಿಇ ಕೇಬಲ್ ಕೀಳುವಾಗ ಪಟ್ಟಿ ಹಿಡಿದು ಎಳೆಯಬಾರದು, ತುದಿಯ ಪ್ಲಾಸ್ಟಿಕ್ ಹಿಡಿದು ಎಳೆಯಬೇಕು. ಪಟ್ಟಿಯ ಒಂದು ಅಂಚಿನಲ್ಲಿ ಬೇರೆ ಬಣ್ಣದ ಗೆರೆ ಇರುತ್ತದೆ, ಅದು ಕರೆಂಟ್ ಕನೆಕ್ಟರ್ ಕಡೆಗೆ ಬರಬೇಕು. ಡ್ರೈವ್ ಹಿಂದಿರುವ ಜಂಪರ್ (ಪಿನ್ನುಗಳನ್ನು ಕೂಡಿಸುವ ಪುಟ್ಟ ಪ್ಲಾಸ್ಟಿಕ್ ತುಂಡು) ಎಲ್ಲಿದೆ ಅಂತಲೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೆ. ಸ್ಕ್ರೂ ವಿಷಯದಲ್ಲೂ ಜೋಪಾನ. ಡಿವಿಡಿ ಡ್ರೈವಿನದು ಎಂ3, ಥ್ರೆಡ್ ಸಣ್ಣ. 3.5 ಇಂಚಿನ ಹಾರ್ಡ್‌ಡಿಸ್ಕಿನ ಸ್ಕ್ರೂ ದಪ್ಪ ಥ್ರೆಡ್ಡಿನದು. ಎರಡನ್ನೂ ಒಂದೇ ಬಟ್ಟಲಿಗೆ ಹಾಕಿ ಆಮೇಲೆ ಒತ್ತಿ ತಿರುಗಿಸಿದರೆ ತೂತು ಕೆಡುತ್ತದೆ.

ಡ್ರೈವ್ ಬಿಚ್ಚುವ ಕ್ರಮ ಹೆಚ್ಚುಕಮ್ಮಿ ಎಲ್ಲ ಕಂಪನಿಯದೂ ಒಂದೇ. ಪಿನ್ ಹಾಕಿ ಟ್ರೇಯ ಮುಖವನ್ನು ಸ್ವಲ್ಪ ಹೊರಗೆ ತಂದುಕೊಂಡು, ಆ ಮುಖದ ಪಟ್ಟಿಯನ್ನು ಮೇಲಕ್ಕೆ ಜಾರಿಸಿ ತೆಗೆಯಬೇಕು. ಆಮೇಲೆ ಮುಂದಿನ ಪ್ಲಾಸ್ಟಿಕ್ ಚೌಕಟ್ಟಿನ ಕೊಕ್ಕೆಗಳನ್ನು ಒತ್ತಿ ಬಿಡಿಸಬೇಕು. ಪಕ್ಕದಲ್ಲಿ ಒಂದೊಂದು, ತಳದಲ್ಲಿ ಒಂದು ಇತ್ತು. ಡ್ರೈವ್ ಮಗುಚಿ ತಳದ 4 ಸಣ್ಣ ಸ್ಕ್ರೂ ಬಿಚ್ಚಿದರೆ ತಗಡು ಎದ್ದು ಬರುತ್ತದೆ. ತಳದ ಬೋರ್ಡಿನಿಂದ ಲೇಸರ್ ಕಡೆ ಹೋಗುವ ತೆಳು ಪಟ್ಟಿ ಕೇಬಲ್‌ಗೆ ಕೈ ತಗಲದಂತೆ ನೋಡಿಕೊಳ್ಳಬೇಕು. ತಗಡು ತೆಗೆದ ಮೇಲೆ ಕರೆಂಟ್ ಕೊಟ್ಟು "ತಿರುಗುತ್ತಾ ನೋಡೋಣ" ಅನ್ನುವ ಆಸೆ ಬರುತ್ತದೆ. ಬೇಡ. ಡಿವಿಡಿಯ ಲೇಸರ್ 650 ನ್ಯಾನೋಮೀಟರ್, ಕೆಂಪಗೆ ಕಾಣುತ್ತದೆ. ಸಿಡಿಯದು 780, ಕಣ್ಣಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಕಾಣದಿದ್ದರೂ ಕಣ್ಣಿಗೆ ಪೆಟ್ಟು ಕೊಡುತ್ತದೆ. ಅದರಲ್ಲೂ ಇದು ಬರೆಯುವ ಡ್ರೈವ್, ಲೇಸರ್ ಇನ್ನೂ ಜೋರು.

ಮೇಲಿನ ತಗಡು ಜಾರಿಸಿದಾಗ ಮಾವನ ಅರ್ಧ ಮುಖ ಕಂಡಿತು. ಬಿಲ್ಲೆ ಇದ್ದಿದ್ದು ಅಡ್ಡಡ್ಡ ಹಾದುಹೋಗುವ ಒಂದು ಪಟ್ಟಿಯಲ್ಲಿ. ಅದರ ಸುತ್ತ ಕಂದು ಬಣ್ಣದ ಅಂಟು ಉಂಗುರದ ಹಾಗೆ ಹೊರಗೆ ಬಂದಿತ್ತು. ಮುಟ್ಟಿದರೆ ಇನ್ನೂ ಜಿಗುಟು. ಸ್ಟಿಕ್ಕರ್‌ನ ಒಂದು ಕಡೆ, ಗದೆ ಇರುವ ಭಾಗ, ಪೂರ್ತಿ ಎದ್ದು ಸುರುಳಿ ಸುತ್ತಿಕೊಂಡಿತ್ತು.

ಇದನ್ನು ಬಿಡಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿದೆ. ಮೊಬೈಲ್ ರಿಪೇರಿ ಮಾಡುವವರು ಐಪಿಎ ಅಂತಾರೆ, ಅವರ ಹತ್ತಿರವೇ ಸಣ್ಣ ಬಾಟಲಿ ಸಿಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಬಿಲ್ಲೆಯ ಅಂಚಿಗೆ ಸುತ್ತ ಸವರಿ, ಅಂಟು ನೆನೆಯಲು ಬಿಟ್ಟು, ಮತ್ತೆ ಸವರಿದೆ. ಉಗುರುಬಣ್ಣ ತೆಗೆಯುವ ದ್ರವ ಅಥವಾ ಥಿನ್ನರ್ ಮಾತ್ರ ಹತ್ತಿರ ತರಬೇಡಿ. ಡಿಸ್ಕ್ ಮಾಡಿರುವುದು ಪಾಲಿಕಾರ್ಬೊನೇಟ್‌ನಿಂದ. ಅಸಿಟೋನ್ ತಗಲಿದರೆ ಕ್ಷಣದಲ್ಲಿ ಮಂಜು ಕವಿದು ಬಿರುಕು ಬಿಡುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಜೆಲ್ ಕೂಡ ಬೇಡ, ಅದರಲ್ಲಿ ನೀರೂ ಇರುತ್ತದೆ, ಅಂಟು ಪದಾರ್ಥವೂ ಇರುತ್ತದೆ. ಅಂಟು ಮೆತ್ತಗಾದ ಮೇಲೆ ಅವಧಿ ಮುಗಿದ ಒಂದು ಎಟಿಎಂ ಕಾರ್ಡನ್ನು ಬಿಲ್ಲೆಗೂ ಡಿಸ್ಕ್‌ಗೂ ನಡುವೆ ತೂರಿಸಿ, ಮೇಲಕ್ಕೆ ಮೀಟದೆ, ಬಿಲ್ಲೆಯನ್ನು ಎಡಕ್ಕೆ ಬಲಕ್ಕೆ ತಿರುಚಿದೆ. ಚಪ್ ಅಂತ ಬಿಟ್ಟುಕೊಂಡಿತು. ಡಿಸ್ಕ್ ಟ್ರೇಯೊಳಗೆ ಬಿತ್ತು.

ಡಿಸ್ಕ್ ಕೈಗೆ ಬಂತು. ಬೆನ್ನ ಮೇಲೆ ಒಂದೆರಡು ಗೀರು ಬಿಟ್ಟರೆ ಚೆನ್ನಾಗಿದೆ. ಮಾವನಿಗೆ ಪೂರ್ತಿ ಸ್ಟಿಕ್ಕರ್ ಕಿತ್ತುಹಾಕುವ ಅವಸರ. "ಅರ್ಧ ಬಂದಿದೆ, ಇನ್ನರ್ಧ ಕಿತ್ರೆ ಆಯ್ತಲ್ಲ." ನಾನು ತಡೆದೆ. ಇದು ಸಿಡಿ ಆಗಿದ್ದರೆ ಸ್ಟಿಕ್ಕರ್ ಜೊತೆ ಒಳಗಿನದೂ ಹೋಗುತ್ತಿತ್ತು. ಸಿಡಿಯಲ್ಲಿ ಹೊಳೆಯುವ ಪದರ ಇರುವುದು ಲೇಬಲ್ ಕಡೆಯ ಮೇಲ್ಮೈಯಲ್ಲೇ, ಅದರ ಮೇಲೆ ಬರೀ ಒಂದು ತೆಳು ವಾರ್ನಿಷ್. ಸಿಡಿಯ ತಳದ ಗೀರಿಗಿಂತ ತಲೆಯ ಮೇಲಿನ ಗೀರು ಹೆಚ್ಚು ಅಪಾಯ ಅನ್ನುವುದು ಇದಕ್ಕೇ. ಡಿವಿಡಿಯ ಕಥೆ ಬೇರೆ. 0.6 ಮಿಲಿಮೀಟರ್‌ನ ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ಅಂಟಿಸಿ ಒಟ್ಟು 1.2 ಮಿಲಿಮೀಟರ್ ಮಾಡಿರುತ್ತಾರೆ, ವಿಷಯ ಇರುವುದು ನಡುವೆ. ಹಾಗಾಗಿ ಸ್ಟಿಕ್ಕರ್ ಕಿತ್ತರೂ ವಿಷಯ ಹೋಗುವುದಿಲ್ಲ. ಆದರೆ ಗಟ್ಟಿಯಾಗಿ ಅಂಟಿರುವುದನ್ನು ಎಳೆಯುವಾಗ ಡಿಸ್ಕ್ ಬಾಗಿದರೆ ಆ ಎರಡು ತಟ್ಟೆಗಳೇ ಬಿಟ್ಟುಕೊಳ್ಳಬಹುದು. ಜೋತುಬಿದ್ದ ಗದೆಯ ಭಾಗವನ್ನು ಮಾತ್ರ ಕತ್ತರಿಯಲ್ಲಿ ಕತ್ತರಿಸಿದೆ. ಮಿಕ್ಕಿದ್ದನ್ನು ಇದ್ದ ಹಾಗೇ ಬಿಟ್ಟೆ. ನಡುವೆ ಬಿಲ್ಲೆ ಕೂರುವ ಜಾಗದ ಅಂಟನ್ನು ಪೂರ್ತಿ ಒರೆಸಿದೆ. ಒಂದು ಸಲ ಕಾಪಿ ಮಾಡಿಕೊಳ್ಳುವಷ್ಟು ತಿರುಗಿದರೆ ಸಾಕು.

ಇನ್ನು ಬೆಲ್ಟ್. ಟ್ರೇಯನ್ನು ಪೂರ್ತಿ ಹೊರಗೆಳೆದರೆ ಮುಂದುಗಡೆ ಮೂಲೆಯಲ್ಲಿ ಕಾಣುತ್ತದೆ. ಒಂದು ಪುಟ್ಟ ಮೋಟಾರಿನ ಗಾಲಿ, ಪಕ್ಕದಲ್ಲಿ ದೊಡ್ಡ ಗಾಲಿ, ಎರಡಕ್ಕೂ ಸುತ್ತಿದ ಕಪ್ಪು ಬೆಲ್ಟ್. ಬೆರಳಿನಲ್ಲಿ ಒತ್ತಿದೆ. ಬಿಗಿಯೇ ಇಲ್ಲ. ತೆಗೆದು ಮೇಜಿನ ಮೇಲೆ ಇಟ್ಟರೆ ದುಂಡಗಾಗಲಿಲ್ಲ. ಎರಡು ಗಾಲಿಯ ಮೇಲೆ ವರ್ಷಗಟ್ಟಲೆ ಕೂತು ಕಡಲೆಕಾಯಿಯ ಆಕಾರಕ್ಕೇ ಗಟ್ಟಿಯಾಗಿತ್ತು. ಒಳಮೈ ಹೊಳೆಯುತ್ತಿತ್ತು. ರಬ್ಬರ್ ಹೊಳೆಯುತ್ತಿದೆ ಅಂದರೆ ಅದರ ಹಿಡಿತ ಹೋಗಿದೆ ಅಂತ.

ಗಾಲಿಗಳನ್ನೂ ಬೆಲ್ಟನ್ನೂ ಐಪಿಎಯಲ್ಲಿ ಒರೆಸಿದೆ. ಹತ್ತಿಕಡ್ಡಿ ಕಪ್ಪಾಯಿತು. ಸುಮ್ನೆ ನೋಡೋಣ ಅಂತ ಎಲ್ಲವನ್ನೂ ಜೋಡಿಸಿ, ತಗಡು ಮುಚ್ಚಿ, ಮನೆಯಲ್ಲಿದ್ದ ಯಾವುದೋ ಬೇರೆ ಸಿಡಿ ಹಾಕಿ ಬಟನ್ ಒತ್ತಿದೆ. ಟ್ರೇ ಬಂತು! ಮಾವ ಚಪ್ಪಾಳೆ ಹೊಡೆದರು. ಸಿಡಿ ತೆಗೆದು ಖಾಲಿ ಟ್ರೇ ಒಳಗೆ ಕಳಿಸಿ ಮತ್ತೆ ಒತ್ತಿದೆ. ಬರಲಿಲ್ಲ. ಗುಂಯ್, ಟಕ್.

"ಡಿಸ್ಕ್ ಇದ್ರೆ ಬರುತ್ತೆ, ಇಲ್ದಿದ್ರೆ ಬರಲ್ಲ. ಇದೇನೋ ಇದು ವಿಚಿತ್ರ?" ಅಂತ ಮಾವ. ವಿಚಿತ್ರ ಏನಿಲ್ಲ. ಮೇಲಿನ ಬಿಲ್ಲೆಗೂ ಕೆಳಗಿನ ಮೋಟಾರ್ ತಲೆಗೂ ಮ್ಯಾಗ್ನೆಟ್ ಎಳೆತ ಇದೆ ಅಂದೆನಲ್ಲ. ಡಿಸ್ಕ್ ಇದ್ದರೆ ನಡುವೆ 1.2 ಮಿಲಿಮೀಟರ್ ಅಂತರ ಉಳಿಯುತ್ತದೆ. ಇಲ್ಲದಿದ್ದರೆ ಎರಡೂ ಹತ್ತಿರ ಬಂದು ಇನ್ನೂ ಜೋರಾಗಿ ಹಿಡಿದುಕೊಳ್ಳುತ್ತವೆ. ಅಷ್ಟು ಸಣ್ಣ ಅಂತರಕ್ಕೇ ಮ್ಯಾಗ್ನೆಟ್ ಶಕ್ತಿ ಬಹಳ ಬದಲಾಗುತ್ತದೆ. ಬಾಗಿಲು ತೆರೆಯಲು ಶುರು ಮಾಡುವಾಗ ಮೋಟಾರ್ ಮೊದಲು ಬಿಡಿಸಬೇಕಾದ್ದು ಈ ಹಿಡಿತವನ್ನು. ಬೆಲ್ಟ್ ಸಡಿಲವಾದರೆ ಇಲ್ಲೇ ಸೋಲುವುದು. ಒಮ್ಮೆ ಬಿಟ್ಟುಕೊಂಡರೆ ಮುಂದಿನದು ಸಲೀಸು. ನಿಮ್ಮ ಡ್ರೈವ್ ಕೂಡ ಖಾಲಿ ಇದ್ದಾಗ ಮಾತ್ರ ಹಟ ಹಿಡಿಯುತ್ತಿದ್ದರೆ ಬೇರೆ ಏನೂ ಹುಡುಕಬೇಡಿ, ನೇರ ಬೆಲ್ಟ್ ನೋಡಿ. ಕೆಲವರು ಮ್ಯಾಗ್ನೆಟ್ ಮೇಲೆ ಟೇಪ್ ಅಂಟಿಸಿ ಎಳೆತ ಕಡಿಮೆ ಮಾಡುತ್ತಾರೆ. ಟ್ರೇ ಬರುತ್ತದೆ, ನಿಜ. ಆದರೆ 16ಎಕ್ಸ್ ವೇಗದಲ್ಲಿ ಡಿವಿಡಿ ನಿಮಿಷಕ್ಕೆ ಹತ್ತಿರ ಹತ್ತಿರ 10 ಸಾವಿರ ಸುತ್ತು ಸುತ್ತುತ್ತದೆ. ಆಗ ಹಿಡಿತ ಜಾರಿದರೆ ಏನು ಗತಿ? ನಾನಂತೂ ಆ ದಾರಿ ಹಿಡಿಯುವುದಿಲ್ಲ.

ಮಾವ ಎರಡು ಸಲಹೆ ಕೊಟ್ಟರು. ಒಂದು, ಹೂವಿನ ಪೊಟ್ಟಣಕ್ಕೆ ಬರುವ ರಬ್ಬರ್ ಬ್ಯಾಂಡ್. ಅದು ಎರಡು ದಿನ ಓಡುತ್ತದೆ, ಆಮೇಲೆ ಹಿಗ್ಗುತ್ತದೆ, ಸೆಕೆಗೆ ಕರಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವುದು ಬೆಲ್ಟ್ ಹುಡುಕುವುದಕ್ಕಿಂತ ದೊಡ್ಡ ಕೆಲಸ. ಇನ್ನೊಂದು, ಟ್ರೇ ಜಾರುವ ಹಳಿಗಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ. ತಿಪಟೂರು ಇರುವ ಜಿಲ್ಲೆಯವರು ನಾವು, ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಬಿಗಿಯಾದರೂ ಕೊಬ್ಬರಿ ಎಣ್ಣೆ. "ಮಾವ, ಡಿಸೆಂಬರ್‌ನಲ್ಲಿ ಬಾಟಲಿಯೊಳಗೆ ಅದು ಏನಾಗುತ್ತೆ ಹೇಳಿ?" ಅಂದೆ. ನಕ್ಕು ಸುಮ್ಮನಾದರು. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುವ ಎಣ್ಣೆ ಅದು. ಮೇಲಾಗಿ ಧೂಳು ಹಿಡಿದು ಅಂಟಾಗುತ್ತದೆ. ಹಳಿಗಳ ಮೇಲಿದ್ದ ಹಳದಿಯಾದ ಹಳೇ ಗ್ರೀಸ್ ಒರೆಸಿ, ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸನ್ನು ಕಡ್ಡಿಯ ತುದಿಯಲ್ಲಿ ಸವರಿದೆ. ಬೆಲ್ಟಿನ ಹತ್ತಿರ ಒಂದು ಚುಕ್ಕೆಯೂ ಹೋಗಬಾರದು.

ಬೆಲ್ಟ್ ಅಳತೆ ತೆಗೆಯುವುದು ಸುಲಭ. ಹಳೆಯದನ್ನು ಎರಡು ಬೆರಳಲ್ಲಿ ಹಿಡಿದು, ಎಳೆಯದೆ, ಚಪ್ಪಟೆ ಮಾಡಿ ಸ್ಕೇಲ್ ಮೇಲಿಟ್ಟೆ. 41 ಮಿಲಿಮೀಟರ್. ಅದರ ಎರಡರಷ್ಟು 82, ಅದೇ ಸುತ್ತಳತೆ. 3.14ರಿಂದ ಭಾಗಿಸಿದರೆ ವ್ಯಾಸ 26 ಬರುತ್ತದೆ. ಇದು ಹಿಗ್ಗಿದ ಬೆಲ್ಟ್, ಹಾಗಾಗಿ ಹೊಸದು 24ರ ಆಸುಪಾಸು ಬೇಕು. ತೀರಾ ಬಿಗಿ ತಂದರೆ ಮೋಟಾರೇ ತಿರುಗಲು ತಿಣುಕುತ್ತದೆ.

ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ "ಬೆಲ್ಟಾ? ಡ್ರೈವೇ ಬರಲ್ಲ ಈಗ" ಅಂದರು. ಸರಿಯಾದ ಜಾಗ ಅದಲ್ಲ. ಮಂಡಿಪೇಟೆ ಕಡೆ ಟೇಪ್‌ರೆಕಾರ್ಡರ್, ಮಿಕ್ಸಿ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಅವರ ಅಂಗಡಿಯ ಮೊಳೆಗೆ ಎಲ್ಲ ಅಳತೆಯ ಬೆಲ್ಟ್‌ಗಳ ಗೊಂಚಲೇ ನೇತಾಡುತ್ತಿತ್ತು. ನನ್ನ ಹಳೇ ಬೆಲ್ಟನ್ನು ಉಗುರಿನಲ್ಲಿ ಒತ್ತಿ ನೋಡಿ, "ಇದು ವಿಸಿಡಿ ಪ್ಲೇಯರ್‌ಗೂ ಬರುತ್ತೆ ಸಾರ್. ಚೌಕದ್ದು ಬೇಕು, ದುಂಡಂದು ಹಾಕಿದ್ರೆ ಗಾಡಿಯಲ್ಲಿ ಕೂರಲ್ಲ" ಅಂದರು. ಗಾಡಿ ಅಂದರೆ ಗಾಲಿಯ ಮೇಲಿನ ಕಾಲುವೆ. ತೂಗುಹಾಕಿದ್ದರಲ್ಲಿ ಒಂದೊಂದೇ ಹಿಗ್ಗಿಸಿ, ಬಿಟ್ಟು, ಪಟ್ ಅಂತ ವಾಪಸ್ ಬರುವುದನ್ನು ಆರಿಸಿ ಕೊಟ್ಟರು. ಒಂದಕ್ಕೆ 20 ರೂಪಾಯಿ. ಎರಡು ತಗೊಂಡೆ. ಬೆಲ್ಟ್ ಎಲ್ಲೂ ಸಿಗದಿದ್ದರೆ ಹಳೆಯದನ್ನೇ ಕುದಿವ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಒಂಚೂರು ಕುಗ್ಗಿ ಕೆಲಸಕ್ಕೆ ಬರುತ್ತದೆ. ಆದರೆ ಅದು ಡಿಸ್ಕ್ ಹೊರಗೆ ತೆಗೆದುಕೊಳ್ಳುವವರೆಗಿನ ಉಪಾಯ, ರಿಪೇರಿ ಅಲ್ಲ.

ಹೊಸ ಬೆಲ್ಟ್ ಹಾಕುವಾಗ ಬೆರಳಿನ ಎಣ್ಣೆಪಸೆ ತಗಲದಿರಲಿ ಅಂತ ಚಿಮಟ ಬಳಸಿದೆ. ಅದೇ ಹೊತ್ತಿನಲ್ಲಿ ಲೇಸರ್ ಕಣ್ಣನ್ನೂ ಒರೆಸಿದೆ. ಹತ್ತಿಕಡ್ಡಿಗೆ ಒಂದೇ ಹನಿ ಐಪಿಎ, ಒತ್ತದೆ, ಮೆಲ್ಲಗೆ. ಆ ಪುಟ್ಟ ಗಾಜು ಕೂದಲೆಳೆಯ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ, ಒತ್ತಿದರೆ ಕತೆ ಮುಗಿಯಿತು.

ಟ್ರೇ ವಾಪಸ್ ಕೂರಿಸುವುದರಲ್ಲಿ ಒಂದು ಕಿತಾಪತಿ ಇದೆ. ಪಿನ್ ಒತ್ತಿದಾಗ ಸರಿಯುತ್ತದೆ ಅಂದೆನಲ್ಲ, ಆ ಪ್ಲಾಸ್ಟಿಕ್ ಪಟ್ಟಿ ಪೂರ್ತಿ ತೆರೆದ ಕಡೆಗೆ ಇರಬೇಕು, ಅಂದರೆ ಲೇಸರ್ ಚೌಕಟ್ಟು ಕೆಳಗೆ ಇಳಿದಿರಬೇಕು. ಆಗ ಮಾತ್ರ ಪಟ್ಟಿಯ ಮೇಲಿನ ಗೂಟ ಟ್ರೇಯ ತಳದ ಕಾಲುವೆಯಲ್ಲಿ ಕೂರುತ್ತದೆ. ಚೌಕಟ್ಟು ಮೇಲಿದ್ದಾಗ ಟ್ರೇ ತಳ್ಳಿದರೆ ಎರಡೂ ಗುದ್ದಾಡುತ್ತವೆ. ಗೂಟ ಕೂತಿದೆಯಾ ಅಂತ ಕೈಯಿಂದಲೇ ಟ್ರೇಯನ್ನು ಪೂರ್ತಿ ಒಳಗೆ ಹೊರಗೆ ಆಡಿಸಿ ನೋಡಿಕೊಂಡು, ಆಮೇಲೆ ತಗಡು ಮುಚ್ಚಿದೆ.

ಕಪ್ಪು ಪರದೆ ಬಂದಾಗ ಬಟನ್ ಒತ್ತಿದೆ. ಖಾಲಿ ಟ್ರೇ ಸರಕ್ಕನೆ ಬಂತು. ಮುಚ್ಚಿ ಮತ್ತೆ ಒತ್ತಿದೆ, ಮತ್ತೆ ಬಂತು.

ಈಗ ನಿಜವಾದ ಕೆಲಸ. ಡ್ರೈವ್ ಸರಿಯಾಗಿದೆ ಅಂತ ಮೂರನೇ ಡಿವಿಡಿ ಹಾಕಿ ನೋಡುತ್ತಾ ಕೂರುವುದು ನನಗೆ ಇಷ್ಟವಿರಲಿಲ್ಲ. ಅರ್ಧ ಸ್ಟಿಕ್ಕರ್‌ನ ಡಿಸ್ಕ್‌ನ ತೂಕ ಒಂದು ಕಡೆಗೆ ವಾಲಿರುತ್ತದೆ, ಜೋರಾಗಿ ತಿರುಗಿದರೆ ಅದುರುತ್ತದೆ. ಅದು ಒಂದೇ ಸಲ ಓದಲಿ, ನಿಧಾನವಾಗಿ ಓದಲಿ. ವಿಂಡೋಸ್‌ನಲ್ಲಿ ಫೈಲ್ ಎಳೆದು ಕಾಪಿ ಮಾಡಿದರೆ ಒಂದು ಕಡೆ ಓದಲಾಗದಿದ್ದರೂ ಆ ಇಡೀ ಫೈಲ್ ಬಿಟ್ಟುಹೋಗುತ್ತದೆ. ಡಿವಿಡಿ ವಿಡಿಯೋದಲ್ಲಿ ಒಂದೊಂದು ಫೈಲ್ 1 ಜಿಬಿವರೆಗೆ ಇರುತ್ತದೆ. ಒಂದು ಗೀರಿಗೆ ಅಷ್ಟೂ ಕೈಬಿಡುವುದು ನಷ್ಟ. ಅದಕ್ಕೆ ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಎತ್ತಿಕೊಳ್ಳುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಇರುವ, ಇನ್‌ಸ್ಟಾಲ್ ಮಾಡದೆಯೇ ಓಡುವ ಲೈವ್ ಲಿನಕ್ಸ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದೆ. ಅದು ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಕಷ್ಟದ ಜಾಗಗಳನ್ನು ಗುರುತು ಹಾಕಿ ಬಿಟ್ಟು, ಕೊನೆಗೆ ಅವುಗಳಿಗೆ ಮಾತ್ರ ಮತ್ತೆ ಮತ್ತೆ ಹೋಗುತ್ತದೆ. ಆ ಗುರುತುಗಳು ಒಂದು ಫೈಲ್‌ನಲ್ಲಿ ಉಳಿಯುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಯುಪಿಎಸ್ ಬ್ಯಾಟರಿ ಸತ್ತಿರುವ ಮನೆಯಲ್ಲಿ ಇದೊಂದು ದೊಡ್ಡ ಧೈರ್ಯ. ಡಿಸ್ಕ್‌ನ ಸೆಕ್ಟರ್ (ಒಂದು ಸಲಕ್ಕೆ ಓದುವ ತುಣುಕು) ಅಳತೆ 2048 ಬೈಟ್ ಅಂತ ಅದಕ್ಕೆ ಹೇಳಬೇಕು. ವೇಗ ತಗ್ಗಿಸಲು ಇಜೆಕ್ಟ್ ಕಮಾಂಡ್‌ನಲ್ಲೇ ಒಂದು ಆಯ್ಕೆ ಇದೆ. ಎಲ್ಲ ಡ್ರೈವ್‌ಗಳೂ ಆ ಮಾತು ಕೇಳುವುದಿಲ್ಲ, ಇದು ಕೇಳಿತು.

ಹೊರಗಿನ ಗೀರು ಇದ್ದ ಕಡೆ ಡ್ರೈವ್ ತಡವರಿಸಿತು. ಗುಂಯ್ ಅಂದು, ನಿಂತು, ಮತ್ತೆ ತಿರುಗಿತು. ಅತ್ತೆ ಕೊಟ್ಟ ಕಾಫಿ ಮುಗಿಯುವಷ್ಟರಲ್ಲಿ ದಾಟಿಕೊಂಡಿತು. ಕೊನೆಗೆ ಒಂದಿಷ್ಟು ಸೆಕ್ಟರ್ ಓದಲಾಗದೆ ಉಳಿದವು. ಪ್ಲೇ ಮಾಡಿ ನೋಡಿದರೆ ಒಂದು ಕಡೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಸದ್ದು ಒಂದು ಕ್ಷಣ ಕಡಿದುಹೋಗುತ್ತದೆ. ಆದರೆ ಅದು ಭೀಮ ಬರುವ ಜಾಗ. ಕಂದಕ್ಕೆ ಏನೂ ಆಗಿಲ್ಲ. "ಭೀಮಂದು ತಾನೆ, ಹೋಗ್ಲಿ ಬಿಡು" ಅಂದರು ದುರ್ಯೋಧನ.

ಪೆನ್‌ಡ್ರೈವ್‌ಗೆ ಹಾಕುವಾಗ ಇನ್ನೊಂದು ತಡೆ. 16 ಜಿಬಿ ಪೆನ್‌ಡ್ರೈವ್ ಖಾಲಿ ಇದೆ, 4.3 ಜಿಬಿಯ ಫೈಲ್ ಹಾಕಲು ಹೋದರೆ ಜಾಗ ಇಲ್ಲ ಅನ್ನುತ್ತದೆ. ಜಾಗದ ಸಮಸ್ಯೆ ಅಲ್ಲ ಅದು. ಪೆನ್‌ಡ್ರೈವ್ ಫಾರ್ಮ್ಯಾಟ್ ಆಗಿದ್ದ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹೋಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಗದಾಯುದ್ಧದ ಭಾಗ ಮಾತ್ರ ಕತ್ತರಿಸಿ ಎಂಪಿ4 ಮಾಡಿ ಹುಡುಗನ ಮೊಬೈಲ್‌ಗೆ ಕಳಿಸಿದೆ. ಅವನು ಅವತ್ತೇ ಹಾರ್ಮೋನಿಯಂ ಮೇಷ್ಟ್ರಿಗೆ ಕೇಳಿಸಿದ್ದಾನೆ. ಮೇಷ್ಟ್ರು ಶ್ರುತಿ ಅರ್ಧ ಮನೆ ಇಳಿಸೋಣ ಅಂದಿದ್ದಾರಂತೆ.

ಮಿಕ್ಕ ಎರಡು ಡಿವಿಡಿಗಳಿಗೂ ಅದೇ ಸ್ಟಿಕ್ಕರ್ ಇದೆ, ಆದರೆ ಅಂಚು ಎದ್ದಿಲ್ಲ. ಅವನ್ನೂ ಅವತ್ತೇ ಕಾಪಿ ಮಾಡಿಕೊಂಡು, ಮೂರನ್ನೂ ಡಬ್ಬಿಗೆ ಹಾಕಿ ನೆಟ್ಟಗೆ ನಿಲ್ಲಿಸಿಟ್ಟೆವು. ಇನ್ನು ಅವು ಡ್ರೈವ್ ಒಳಗೆ ಹೋಗುವ ಹಾಗಿಲ್ಲ ಅಂತ ಮಾವನಿಂದ ಮಾತು ತಗೊಂಡಿದ್ದೇನೆ. ಉಳಿದ ಒಂದು ಬೆಲ್ಟನ್ನು ಸಣ್ಣ ಕವರ್‌ಗೆ ಹಾಕಿ, ಮೇಲೆ "ಡಿವಿಡಿ ಬೆಲ್ಟ್, 24, ಚೌಕ" ಅಂತ ಬರೆದು, ಕ್ಯಾಬಿನೆಟ್‌ನ ಖಾಲಿ ಫ್ಲಾಪಿ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿದ್ದೇನೆ.